ಕೈಗುಣಕ್ಕೆ ಸರ್ಟಿಫಿಕೇಟು

ಅಕ್ಕನ ಮಗಳು ದೀಕ್ಷಾ ಮೊನ್ನೆ ಕಾಲೇಜಿನ ಅರ್ಜಿಯೊಂದನ್ನು ತಂದು ನನ್ನ ಮುಂದೆ ಹರಡಿದಳು. ಫಿಸಿಶಿಯನ್ ಅಸಿಸ್ಟೆಂಟ್ ಅನ್ನುವ ಕೋರ್ಸಂತೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಆಮೇಲೆ ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ರೋಗಿಯನ್ನು ವಿಚಾರಿಸುವುದು, ಪರೀಕ್ಷಿಸಿ ಬರೆದಿಡುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಎಲ್ಲವೂ ಡಾಕ್ಟರ ಕೈಕೆಳಗೆ. ಓದುತ್ತ ಓದುತ್ತ ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಅಕ್ಕನ ಮಗಳ ಮೇಲೆ ಹೊಟ್ಟೆಕಿಚ್ಚುಪಡುವ ಚಿಕ್ಕಮ್ಮ ನಾನು.

ಈ ಕೋರ್ಸನ್ನು ನಾನು ಹನ್ನೊಂದು ವರ್ಷ ಮಾಡಿದ್ದೇನೆ, ಕೊಡ್ಲಿಪೇಟೆಯ ಒಂದು ಕ್ಲಿನಿಕ್ಕಿನಲ್ಲಿ. ಹತ್ತನೇ ಕ್ಲಾಸು ಮುಗಿಸಿ, ಬಂದ ರೋಗಿಗಳಿಗೆ ಸರದಿ ಚೀಟಿ ಕೊಡುವ ಕೆಲಸಕ್ಕೆ ಸೇರಿದವಳು. ಡಾಕ್ಟರು ಬಯಲುಸೀಮೆಯವರು; ಕನ್ನಡ, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಂದ ಬರುವವರ ನೋವು ತಮಿಳಿನಲ್ಲೋ ಮಲಯಾಳದಲ್ಲೋ ಇರುತ್ತಿತ್ತು. ಎರಡೂ ಬಲ್ಲ ನಾನು ನಡುವೆ ನಿಂತು ಕನ್ನಡದಲ್ಲಿ ಹೇಳತೊಡಗಿದೆ. ಹಾಗೆ ಹೇಳುತ್ತಲೇ ಯಾವ ನೋವಿಗೆ ಮುಂದೇನು ಕೇಳಬೇಕೆಂಬುದೂ ತಿಳಿಯಿತು. ತೋಟಗಳಲ್ಲಿ ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಶುರುವಾದರೆ ಕತ್ತಿ ಏಟಿನವರು ಸಾಲುಗಟ್ಟುತ್ತಿದ್ದರು. ಡಾಕ್ಟರು ಒಂದು ಹೊಲಿಗೆ ತೋರಿಸಿದರು, ಮಿಕ್ಕಿದ್ದನ್ನೆಲ್ಲ ನಾನು ಹಾಕಿದೆ. "ಡಾಕ್ಟ್ರಿಗಿಂತ ನಿನ್ ಕೈಗುಣನೇ ವಾಸಿ ಕಣವ್ವ" ಎಂದು ಮುದುಕಿಯೊಬ್ಬಳು ಹೇಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಜಂಬದಲ್ಲೇ ಒಂದು ದಡ್ಡ ಕೆಲಸ ಮಾಡಿದೆ. ನಾನೇ ಪರೀಕ್ಷಿಸಿ ಬರೆದಿಡುತ್ತಿದ್ದ ರೋಗಿಗಳ ವಿವರ ನನ್ನ ದುಂಡಗಿನ ಅಕ್ಷರದಲ್ಲಿದ್ದರೆ ಜನ ನಂಬಲಿಕ್ಕಿಲ್ಲವೆಂದು ಡಾಕ್ಟರ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರವನ್ನೇ ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ಔಷಧಿ ಅಂಗಡಿಯವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನೀವು ನಗಬಹುದು. ಆಗ ನಾನೂ ನಗುತ್ತಿದ್ದೆ.

ಕುಶಾಲನಗರದ ಕಡೆ ಹೊಸ ಆಸ್ಪತ್ರೆಯೊಂದು ಡಾಕ್ಟರ ಸಹಾಯಕ್ಕೆ ಜನ ತೆಗೆದುಕೊಳ್ಳುತ್ತಿದೆ ಎಂದು ಕೇಳಿ, ಅನುಭವದ ಪತ್ರ ಬೇಕೆಂದೆ. ಡಾಕ್ಟರು ಬರೆದುಕೊಟ್ಟರು: 'ಇವರು ಹನ್ನೊಂದು ವರ್ಷ ನಮ್ಮಲ್ಲಿ ಚೀಟಿ ಕೊಡುತ್ತಿದ್ದರು. ನಡತೆ ಚೆನ್ನಾಗಿದೆ.'

"ಸರ್, ಹೊಲಿಗೆ ಹಾಕಿದ್ದು? ಪರೀಕ್ಷೆ ಮಾಡಿ ಬರ್ದಿದ್ದು?"

"ಎಲ್ಲಿ ಬರ್ದಿದೀಯ, ತೋರ್ಸು. ಇರೋದೆಲ್ಲ ನನ್ ಅಕ್ಷರ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಓದದೇ ಇರೋಳ ಕೈಲಿ ಹೊಲಿಗೆ ಹಾಕಿಸ್ದೆ ಅಂತ ನಾನೇ ಬರ್ಕೊಟ್ರೆ ಈ ಕ್ಲಿನಿಕ್ ಉಳಿಯುತ್ತೇನಮ್ಮ?" ಎಂದರು.

ಅದು ನಿಜವೇ. ನಿಜವೆಂಬುದಕ್ಕೇ ಇನ್ನೂ ಸಿಟ್ಟು. ಹನ್ನೊಂದು ವರ್ಷ ನಾನು ಓದದವಳೆಂಬುದು ಅವರಿಗೆ ಒಂದು ದಿನವೂ ನೆನಪಾಗಿರಲಿಲ್ಲ. ಹೊಸ ಆಸ್ಪತ್ರೆಯವರು ಆ ಪತ್ರ ನೋಡಿ ಚೀಟಿ ಕೊಡುವ ಕೆಲಸವನ್ನೇ ಕೊಟ್ಟರು. ಇಂದಿಗೂ ಕೊಡುತ್ತಿದ್ದೇನೆ.

ದೀಕ್ಷಾ ಅರ್ಜಿಯ ಕೊನೆಯ ಪುಟಕ್ಕೆ ಬಂದಳು. ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ ಎಂದು ಅಲ್ಲಿ ಕೇಳಿದ್ದರು. ಅವಳು ಬರೆದು ಓದಿದಳು: 'ಚಿಕ್ಕವಳಿದ್ದಾಗ ನನ್ನ ಕಾಲು ಸೀಳಿತ್ತು. ನಮ್ಮ ಕೊಡ್ಲಿಪೇಟೆಯ ಡಾಕ್ಟರು ಅಳು ಬರದಂತೆ ಹೊಲಿಗೆ ಹಾಕಿದರು. ಅವರ ಜೊತೆ ಕೆಲಸ ಮಾಡುವಂಥವಳಾಗಬೇಕೆಂದು ಆಸೆ.'

"ಅವ್ರಲ್ಲ ಕಣೇ, ನಾನು" ಎಂದೆ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ನನ್ನ ಮುಖ ನೋಡಿದಳು, ತನ್ನ ಕಾಲು ನೋಡಿಕೊಂಡಳು. ನಂಬಿದಳೆಂದು ನನಗೆ ಗೊತ್ತಾಯಿತು. ಆಮೇಲೆ ಮೆಲ್ಲಗೆ, "ಹಂಗಂತ ಬರೆದ್ರೆ ಸೀಟ್ ಕೊಡ್ತಾರಾ ಚಿಕ್ಕಮ್ಮ?" ಎಂದು ಕೇಳಿದಳು.

"ಬ್ಯಾಡ ಬಿಡು. ಡಾಕ್ಟ್ರು ಅಂತಲೇ ಇರ್ಲಿ" ಎಂದೆ.

ಆ ಡಾಕ್ಟರನ್ನು ಇನ್ನು ಯಾವ ಬಾಯಲ್ಲಿ ಬಯ್ಯಲಿ?