ಪ್ಲೀಸ್ ಎಂದು ಬರೆದ ಲೈಟ್ ಆಫೀಸು

ಮುಂಬಯಿಯ ಅಂಧೇರಿಯ ಆಫೀಸೊಂದರ ಟಪಾಲು ವಿಭಾಗದಲ್ಲಿ ಹದಿನೆಂಟು ವರ್ಷ ಕೂತವನು ನಾನು. ಹಾಗಾಗಿ ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೆ ಯಾವ ಕಾಗದ ಬಂದರೂ ಅದು ಅಸಲಿಯೋ ನಕಲಿಯೋ ಎಂಬ ತೀರ್ಪು ನನ್ನದೇ.

ಒಂದು ಸಂಜೆ ಪಕ್ಕದ ಮನೆಯ ಧಾರವಾಡದ ಕಾಕು ಲೈಟ್ ಆಫೀಸಿನ ಹೆಸರಿದ್ದ ಲಕೋಟೆ ಹಿಡಿದು ಬಂದರು. ಪೆನ್ಶನ್ ಮೇಲೆ ಬದುಕುವವರಿಗೆ ಲೈಟ್ ಬಿಲ್ಲಿನಲ್ಲಿ ರಿಯಾಯಿತಿಯಿದೆ, ಜೊತೆಗಿರುವ ಫಾರ್ಮನ್ನು ತಿಂಗಳೊಳಗೆ ತುಂಬಿ ಕೊಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಇದು ಖರೇ ಅದನೋ, ಯಾರರೆ ಟೋಪಿ ಹಾಕ್ಲಿಕ್ಕೆ ಹತ್ಯಾರೋ, ಸ್ವಲ್ಪ ನೋಡ್ರಿ," ಎಂದರು.

ನೋಡಿದೆ. ಮೊದಲ ಸಾಲಿನಲ್ಲೇ ಪ್ಲೀಸ್. ಕೊನೆಯಲ್ಲಿ, ತೊಂದರೆ ಕೊಟ್ಟದ್ದಕ್ಕೆ ಸಾರಿ. ಸೀಲು ಬೇರೆ ನೆಟ್ಟಗೆ ಬಿದ್ದಿತ್ತು.

"ನಕಲಿ, ಕಾಕು. ಲೈಟ್ ಆಫೀಸಿನವರು ಯಾವತ್ತಾದರೂ ಸಾರಿ ಕೇಳಿದ್ದಾರಾ?"

ಕಾಕು ಆ ಫಾರ್ಮನ್ನು ಅಡುಗೆಮನೆಯ ಕಪಾಟಿಗೆ ಹಾಸಿದರು.

ಎರಡು ತಿಂಗಳ ಮೇಲೆ, ಕೆಳಗಿನ ಮನೆಯ ಪೆನ್ಶನ್‌ದಾರರ ಬಿಲ್ಲು ಅರ್ಧಕ್ಕೆ ಇಳಿದದ್ದು ಗೊತ್ತಾಯಿತು. ಎಣ್ಣೆ ಕಲೆಯ ಫಾರ್ಮನ್ನು ತುಂಬಿ, ಕಾಕುವನ್ನು ಕರೆದುಕೊಂಡು ಲೈಟ್ ಆಫೀಸಿಗೆ ಓಡಿದೆ.

"ಪತ್ರ ನಮ್ಮದೇ," ಎಂದ ಕೌಂಟರಿನವನು. "ಹೊಸ ಸಾಹೇಬರು ಬರೆಸಿದ್ದು. ಅವರಿಗೆ ಆಗಲೇ ಬೇರೆ ಊರಿಗೆ ಬದಲಿ ಆಯ್ತು. ಫಾರ್ಮ್ ಇಟ್ಟು ಹೋಗಿ."

ವಾರದೊಳಗೆ ಉತ್ತರ ಬಂತು. ಕಾಕುವಿನ ಹೆಸರಿಲ್ಲ, ನಮಸ್ಕಾರವಿಲ್ಲ. ಸೀಲು ಸೊಟ್ಟಗೆ ಬಿದ್ದು, ಅದರ ಅರ್ಧಭಾಗ ಕಾಗದದಿಂದಾಚೆ ಹೋಗಿತ್ತು. ಇದ್ದದ್ದು ಒಂದೇ ಸಾಲು: ಅವಧಿ ಮೀರಿದ್ದರಿಂದ ಅರ್ಜಿ ವಜಾ.

ಕಾಕು ಅದನ್ನು ನನ್ನ ಮುಂದೆ ಹಿಡಿದರು.

"ಇದಂತೂ ಖರೇನ ಇರಬೇಕಲ್ರಿ?"