ಬ್ರೌನ್ ಬೆಲ್ಟ್ ಹುಡುಗಿ ಬಸ್ಸಿನಲ್ಲಿ ಸುಮ್ಮನೆ ನಿಂತಳು

ಗೆಳೆಯರೇ, ಈಗಷ್ಟೇ ಕರಾಟೆ ಮಾಸ್ಟರ ಹತ್ತಿರ ಜಗಳವಾಡಿ ಬಂದೆ.

ಇವತ್ತು ಬೆಳಿಗ್ಗೆ ನನ್ನ ಹದಿನೈದರ ಮಗಳು ರಿಯಾ ಹಂಪನಕಟ್ಟೆಯಿಂದ ಶಕ್ತಿನಗರದ ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬ ಮತ್ತೆ ಮತ್ತೆ ಅವಳ ಮೈಗೆ ಒರಗಿ ನಿಂತಿದ್ದಾನೆ. ನಾಲ್ಕು ವರ್ಷ ಕಲಿತು ಬ್ರೌನ್ ಬೆಲ್ಟ್ ಪಡೆದ ಹುಡುಗಿ ಕಂಬ ಹಿಡಿದು ಸುಮ್ಮನಿದ್ದಳಂತೆ.

"ಒಂದು ಕೊಡ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದೆ.

"ಕ್ಲಾಸಿನ ಹೊರಗೆ ಕೈ ಎತ್ತುವುದಿಲ್ಲ ಅಂತ ದಿನಾ ಪ್ರಮಾಣ ಮಾಡಿಸ್ತಾರಲ್ಲ ಮಮ್ಮಿ," ಎಂದು ಅತ್ತಳು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಇದೇ ರೂಟಿನಲ್ಲಿ, ಹೆಂಗಸರ ಕಡೆ ಸುಳಿದ ಗಂಡಸರನ್ನು ಕಂಡಕ್ಟರನೇ ಗದರಿಸಿ ಹಿಂದಕ್ಕೆ ಅಟ್ಟುತ್ತಿದ್ದ. ಈಗಿನವನಿಗೆ ಮೊಬೈಲಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ಅದಕ್ಕೇ ಅಲ್ಲವೇ ನಾವು ಫೀಸು ಕಟ್ಟಿ ಮಕ್ಕಳನ್ನು ತಯಾರು ಮಾಡುವುದು?

ಕ್ಲಾಸಿಗೇ ಹೋಗಿ ಕೇಳಿದರೆ ಮಾಸ್ಟರಿಗೆ ಸ್ವಲ್ಪವೂ ಅಳುಕಿಲ್ಲ. "ಮೇಡಂ, ಈ ಬ್ಯಾಚಿನಲ್ಲಿ ಕಲಿಸುವುದು ಟೂರ್ನಮೆಂಟಿಗೆ. ಆತ್ಮರಕ್ಷಣೆಗೆ ಬೇರೆ ಬ್ಯಾಚ್ ಉಂಟು, ಭಾನುವಾರ. ಫೀಸು ಬೇರೆ."

"ಹಾಗಾದ್ರೆ ಇಷ್ಟು ವರ್ಷ ನೀವು ಕಲಿಸಿದ್ದು ಎಂತ ಮಾರಾಯ್ರೆ?"

"ಶಿಸ್ತು."

ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಕೊನೆಗೆ ಹೆದರಿಕೆಯೇ ಗೆದ್ದು, ಭಾನುವಾರದ ಬ್ಯಾಚಿಗೂ ಅವಳ ಹೆಸರು ಬರೆಸಿ ಬಂದೆ.

ಮನೆ ತಲುಪಿದ ಮೇಲೆ ಹೊಳೆಯಿತು. ಶಾಲೆಗೆ ಅವಳು ವ್ಯಾನಿನಲ್ಲಿ ಹೋಗುತ್ತಾಳೆ, ಚರ್ಚಿಗೆ ನಮ್ಮ ಜೊತೆ ಬರುತ್ತಾಳೆ. ಒಬ್ಬಳೇ ಬಸ್ಸು ಹತ್ತುವುದು ಕರಾಟೆ ಕ್ಲಾಸಿಗೆ ಮಾತ್ರ. ಇನ್ನು ಭಾನುವಾರವೂ ಹತ್ತಬೇಕು.