ಸೇತುವೆ ದಾಟದ ಮುನೀರ

ಮುನೀರನ ಅಜ್ಜ ಸಲೀಂ ಹತ್ತೂರಿಗೆ ನ್ಯಾಯ ಹೇಳಿದವನು. ಪ್ಯಾಲೆಸ್ಟೈನಿನ ಆ ಬೆಟ್ಟದ ಸೀಮೆಯಲ್ಲಿ ಕೊಲೆಯಾದರೆ ಸತ್ತವನ ಮನೆಗೆ ಹೋಗಿ ಕೂರುತ್ತಿದ್ದ. ಮುಂದಿಟ್ಟ ಕಾಫಿ ಮುಟ್ಟುತ್ತಿರಲಿಲ್ಲ. ಕೇಳಿದ್ದು ನಡೆಯುವವರೆಗೆ ಅತಿಥಿ ಬಟ್ಟಲು ಮುಟ್ಟದೆ ಕೂತರೆ ಮನೆಯವರ ಮಾನ ಹೋದಂತೆ. ಅದು ಅಲ್ಲಿಯ ಕಟ್ಟು. ಹಾಗೆ ಕೂತು ಕೂತೇ ಎಷ್ಟೋ ಮನೆತನಗಳ ಸೇಡು ಆರಿಸಿದ. ಮಗ ಇಬ್ರಾಹೀಂ ಬೇರೆ ದಾರಿ ಹಿಡಿದ. ಇಂಗ್ಲಿಷರ ರೈಲು ಹಳಿ ಕಿತ್ತು ನೇಣಿಗೆ ಕೊರಳು ಕೊಟ್ಟ.

ಮುನೀರ ಅಪ್ಪನ ಜಾಡಿನಲ್ಲೇ ನಡೆದ. ನಲವತ್ತೆಂಟರ ಯುದ್ಧದಲ್ಲಿ ಊರು ಕಳೆದುಕೊಂಡಾಗ ಇನ್ನೂ ಮೀಸೆ ಮೂಡದ ವಯಸ್ಸು. ಕೈರೋದಲ್ಲಿ ಔಷಧಶಾಸ್ತ್ರ ಓದಿ ಜೋರ್ಡಾನಿನ ನಿರಾಶ್ರಿತರ ಡೇರೆಗಳಿಗೆ ಮರಳಿದ. ಬಂದೂಕು ಹಿಡಿಯುವ ಪಕ್ಷವೊಂದನ್ನು ಕಟ್ಟಿ ಅದಕ್ಕೆ ನಾಯಕನಾದ. ಅವನು ಮಾತಿಗೆ ನಿಂತರೆ ಕಲ್ಲಿಗೂ ಕಿವಿ ಮೂಡುತ್ತಿತ್ತು. ಹುಡುಗರನ್ನು ಕತ್ತಲಲ್ಲಿ ಜೋರ್ಡಾನ್ ನದಿ ದಾಟಿಸಿ ವೈರಿಗಳ ಕೈಯಲ್ಲಿದ್ದ ಆಚೆ ದಡಕ್ಕೆ ಕಳಿಸುತ್ತಿದ್ದ. ಅವರ ಗುಂಡಿಗೆ ಸಿಪಾಯಿಗಳೂ ಬಿದ್ದರು, ಹೊಲಕ್ಕೆ ಹೊರಟವರೂ ಬಿದ್ದರು. ಹೋದ ಹುಡುಗರಲ್ಲಿ ತಿರುಗಿ ಬಂದವರು ಕಡಿಮೆ. ಅಕ್ಕನ ಒಬ್ಬನೇ ಮಗನನ್ನೂ ಕಳಿಸಿದ, ಹೆಣವೂ ಬರಲಿಲ್ಲ. ಸಾವಿರದೊಂಬೈನೂರ ಎಪ್ಪತ್ತರಲ್ಲಿ ಜೋರ್ಡಾನಿನ ಸೇನೆಯೊಡನೆ ನಡೆದ ಕಾಳಗದಲ್ಲಿ ಸೋತು ಬೈರೂತಿಗೆ ಓಡಿದ ಮೇಲೆ ಒಂದು ದಿನ ಸಭೆಯಲ್ಲಿ ಎದ್ದು, "ಇನ್ನು ಒಬ್ಬನನ್ನೂ ಕಳಿಸಲಾರೆ" ಎಂದ. ಅಂದಿನಿಂದ ತಾನೇ ಕಟ್ಟಿದ ಪಕ್ಷಕ್ಕೆ ದ್ರೋಹಿಯಾದ.

ಕಡೆಗೆ ಸೇರಿದ್ದು ವರ್ಜೀನಿಯಾದ ಆರ್ಲಿಂಗ್ಟನ್ನಿಗೆ. ಔಷಧಿ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ. ಅವನ ಮನೆಯ ಎದುರು ಬಾಗಿಲಲ್ಲಿ ಮೈಸೂರಿನ ಡಾಕ್ಟರ್ ಶ್ರೀಪಾದ, ಅವನ ಹೆಂಡತಿ ಅಂಬುಜಾ. ಅವಳು ಅಣ್ಣ ಎಂದು ಕರೆದಳು; ಅವನು ತಂಗಿ ಎನ್ನುವುದನ್ನು ಕಲಿತ. ಪೊಟೊಮ್ಯಾಕ್ ಹೊಳೆಯ ಸೇತುವೆ ದಾಟಿದರೆ ವಾಷಿಂಗ್ಟನ್. ಮುನೀರ ಒಮ್ಮೆಯೂ ದಾಟಲಿಲ್ಲ. ಅವನ ಬಾಗಿಲ ಹೊರಗೆ ಸದಾ ಒಂದು ಒಣ ಟವೆಲ್ ತೂಗುತ್ತಿತ್ತು.

"ಇದು ಯಾರಿಗಣ್ಣ?" ಎಂದು ಅಂಬುಜಾ ಕೇಳಿದಳು.

"ನದಿ ದಾಟಿ ಹೋದ ಹುಡುಗರು ಬರ್ತಾರೆ ತಂಗಿ. ಮೈಯೆಲ್ಲ ಒದ್ದೆ. ಕರೆದರೆ ಒಳಗೆ ಬರೋಲ್ಲ."

ಆಮೇಲೆ ಆ ಹೊಸ್ತಿಲ ಕಡೆ ನೋಡಲು ಅವಳಿಗೂ ಅಂಜಿಕೆ.

ಎಪ್ಪತ್ತೆಂಟರಲ್ಲಿ ಹಳೆಯ ಗೆಳೆಯನೊಬ್ಬ ಅಂಗಡಿಗೇ ಬಂದು ಪಿಸುಗುಟ್ಟಿದ: ಪಕ್ಷದವರು ನಿನ್ನನ್ನು ಕೊಲ್ಲಲು ಹೊರಟಿದ್ದಾರೆ, ಊರು ಬಿಡು. ಮುನೀರ ಅದನ್ನು ಹವಾ ಸುದ್ದಿ ಹೇಳುವಂತೆ ಅಂಬುಜಾಗೆ ಹೇಳಿ ಬಾಗಿಲು ಹಾಕಿಕೊಂಡ.

"ಅವರೇ ಹೇಳಿದ ಅವರಜ್ಜನ ಮದ್ದೇ ಅವರಿಗೆ," ಎಂದಳು ಅಂಬುಜಾ ಗಂಡನಿಗೆ. "ಕಾಫಿ ಕೊಟ್ರೆ ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ."

"ಸರಿ ಕಣೆ, ಡಿಸೈಡ್ ಮಾಡಿಯಾಯ್ತಲ್ಲ. ನಾನೇನು ಮಗೂನಾ?"

ಇಬ್ಬರೂ ಹೋಗಿ ಕೂತರು. ಮುನೀರ ಏಲಕ್ಕಿ ಹಾಕಿದ ಕಾಫಿ ತಂದಿಟ್ಟ.

"ಅಣ್ಣ, ಇಲ್ಲಿಂದ ದೂರ ಕ್ಯಾರಿ ಅನ್ನೋ ಊರಲ್ಲಿ ನನ್ನ ತಮ್ಮನ ಮನೆ ಇದೆ. ಬೆಳಿಗ್ಗೆ ಇವರು ಡ್ರೈವ್ ಮಾಡ್ತಾರೆ. ನೀವು ಹ್ಞೂಂ ಅನ್ನೋವರೆಗೂ ಈ ಬಟ್ಟಲು ಮುಟ್ಟೋಲ್ಲ."

ಸತ್ತ ಅಜ್ಜನೇ ಎದುರು ಬಂದು ಕೂತ ಹಾಗೆ ಮುನೀರ ಕಣ್ಣು ತಗ್ಗಿಸಿದ. ತುಟಿ ಅಲುಗಿತು, ಇನ್ನೇನು ಒಪ್ಪಬೇಕು, ಆಗ ಸೊರ್ ಎಂಬ ಸದ್ದು.

"ರೀ!"

"ಅಯ್ಯೋ, ಆರಿಹೋಗತ್ತಲ್ಲ ಅಂತ... ಕೈ ತಾನಾಗೇ ಹೋಯ್ತು ಕಣೆ!" ಕಾಫಿ ಕಂಡರೆ ಶ್ರೀಪಾದನಿಗೆ ಹುಟ್ಟಿದ ಊರೇ ಕರೆದಂತೆ; ಶಪಥ ಎಲ್ಲಿ ನಿಂತೀತು?

ಮುನೀರ ಗೊಳ್ಳೆಂದು ನಕ್ಕ. ಆ ಮನೆಯಲ್ಲಿ ಅವನ ನಗು ಕೇಳಿದ್ದು ಅದೇ ಮೊದಲು. "ಡಾಕ್ಟರ್ ನನ್ನ ಕಟ್ಟು ಬಿಚ್ಚಿಬಿಟ್ಟರು!"

"ನನ್ನ ಬಟ್ಟಲು ಹಾಗೇ ಇದೆ," ಎಂದಳು ಅಂಬುಜಾ.

ಮುನೀರನ ನಗು ಇಳಿಯಿತು.

"ನಿನ್ನ ತಮ್ಮನ ಮನೆಯಲ್ಲಿ ಮಕ್ಕಳಿದ್ದಾರಾ?"

"ಇದ್ದಾರೆ. ಚಿಕ್ಕವರು."

"ಹಾಗಾದರೆ ಬರೋಲ್ಲ ತಂಗಿ. ನಿನ್ನ ಮಾತು ಮೀರಿದ ಪಾಪ ನನಗೇ ಇರಲಿ. ನನ್ನನ್ನು ಹುಡುಕಿ ಬರೋರು ಬಾಗಿಲು ತಟ್ಟಿದರೆ ಮೊದಲು ಓಡಿ ಬಂದು ತೆಗೆಯೋದು ಮಕ್ಕಳು. ಮಕ್ಕಳನ್ನು ಮುಂದೆ ಬಿಟ್ಟು ನಾನು ಹಿಂದೆ ನಿಂತದ್ದು ಸಾಕು. ನಿಮ್ಮ ಆಸರೆ ನನಗೆ ಬೇಡ."